ಒಂಟಿ ಮರದ ಬುಡದ ಹಕ್ಕೆ

ಅಮೆರಿಕದ ವಿಸ್ಕಾನ್ಸಿನ್‌ಗೆ ಬಂದು ಬಿಲ್ಲು ಬೇಟೆಯ ಪರವಾನಗಿ ಪಡೆದ ಮೊದಲ ಎರಡು ವರ್ಷ ನಾನು ಮಾಡಿದ್ದು ಬರೀ ನಡಿಗೆ. ಕಾರು ನಿಲ್ಲಿಸಿದ ಜಾಗದಿಂದ ದೂರ ಹೋದಷ್ಟೂ ದೊಡ್ಡ ಕೊಂಬಿನ ಗಂಡು ಜಿಂಕೆ ಸಿಗುತ್ತದೆ ಎಂಬ ಮೂಢನಂಬಿಕೆ. ಕಂಡದ್ದು ಓಡುವ ಬಿಳಿ ಬಾಲಗಳು ಮಾತ್ರ.

ತೀರ್ಥಹಳ್ಳಿ ಕಡೆಯ ನಮ್ಮಜ್ಜ ಕೋವಿ ಹಿಡಿಯುತ್ತಿದ್ದುದು 1972ರ ವನ್ಯಜೀವಿ ಕಾಯ್ದೆಗೂ ಮೊದಲು. ಅವರ ಕತೆಗಳಲ್ಲಿ ಮೇವಿನ ಜಾಗಕ್ಕಿಂತ ಹೆಚ್ಚಾಗಿ ಹಕ್ಕೆಯ ಮಾತು ಬರುತ್ತಿತ್ತು. ಮಿಗ ಮಲಗುವ ಜಾಗ ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ ಎನ್ನುತ್ತಿದ್ದರು. ಬಿಳಿಬಾಲದ ಜಿಂಕೆಯೂ ಮೆಲುಕು ಹಾಕುವ ಪ್ರಾಣಿ. ಸಂಜೆ, ಮುಂಜಾವಿನಲ್ಲಿ ಮೇದು, ಹಗಲಿನ ಬಹುಪಾಲನ್ನು ಕುಳಿತೇ ಕಳೆಯುತ್ತದೆ. ಇಷ್ಟು ಸರಳ ವಿಷಯವನ್ನು ನಾನು ಎರಡು ವರ್ಷ ಮರೆತಿದ್ದೆ.

ಮೂರನೆಯ ವರ್ಷ ಹುಡುಕಾಟವನ್ನು ಮಾರ್ಚ್‌ಗೆ ಬದಲಿಸಿದೆ. ಬೇಟೆಯ ಕಾಲ ಮುಗಿದಿರುತ್ತದೆ. ಜಿಂಕೆ ಬೆದರಿ ಓಡಿದರೂ ನಷ್ಟವಿಲ್ಲ. ಎಲೆ ಉದುರಿರುತ್ತದೆ, ಹಿಂದಿನ ಶರತ್ಕಾಲದ ಜಾಡು ಇನ್ನೂ ಅಳಿಸಿರುವುದಿಲ್ಲ. ನಾನು ಹೋಗುವ ಸರ್ಕಾರಿ ಜಮೀನು ಮ್ಯಾಡಿಸನ್‌ನಿಂದ ಒಂದು ಗಂಟೆಯ ದಾರಿಯ ಜೌಗು. ಆಳೆತ್ತರಕ್ಕೂ ಮೀರಿದ ಜೊಂಡು, ನಡುವೆ ಒಂದೇ ಒಂದು ಟ್ಯಾಮರಾಕ್ ಮರ. ಪೈನ್ ಕುಟುಂಬದ್ದಾದರೂ ಚಳಿಗಾಲಕ್ಕೆ ಮೊದಲೇ ಎಲೆ ಉದುರಿಸುವ ವಿಚಿತ್ರ ಮರ. ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುತ್ತದೆ, ಯಾರೂ ಅತ್ತ ಹೋಗುವುದಿಲ್ಲ. ನಾನೂ ಅದರ ಫೋಟೊ ತೆಗೆದಿದ್ದೆ, ಅಷ್ಟೆ.

ಮರದತ್ತ ನಡೆಯುವುದು ಸುಲಭವೆಂದುಕೊಂಡಿದ್ದೆ. ಜೊಂಡಿನೊಳಗೆ ಹತ್ತು ಹೆಜ್ಜೆ ಇಟ್ಟರೆ ದಿಕ್ಕು ತಪ್ಪುತ್ತದೆ. ಮರದ ತುದಿ ಕಂಡರೂ, ನೀರಿನ ಗುಂಡಿಗಳನ್ನು ಬಳಸುತ್ತ ಹೋಗಿ ಬೇರೆ ಮಗ್ಗುಲಿಗೆ ಬಂದಿರುತ್ತೇವೆ. ಹಾಗಾಗಿ ರಸ್ತೆಯಲ್ಲೇ ನಿಂತು ಎರಡು ಗುರುತು ಹಿಡಿದೆ: ಟ್ಯಾಮರಾಕ್, ಅದರ ಹಿಂದೆ ದೂರದ ಊರಿನ ನೀರಿನ ಟ್ಯಾಂಕ್. ಎರಡೂ ಒಂದರ ಹಿಂದೊಂದು ನಿಂತಿದ್ದರೆ ನಾನು ಗೆರೆಯ ಮೇಲಿದ್ದೇನೆ. ಟ್ಯಾಂಕ್ ಮರದ ಎಡಕ್ಕೆ ಇಣುಕಿದರೆ ನಾನು ಎಡಕ್ಕೆ ಸರಿದಿದ್ದೇನೆ. ಮೊಬೈಲ್ ನಕ್ಷೆ ಇತ್ತು, ಆದರೆ ಒದ್ದೆ ಕೈಗವುಸಿನಲ್ಲಿ ಅದನ್ನು ಒತ್ತುವ ಸುಖ ಅನುಭವಿಸಿದವರೇ ಬಲ್ಲರು.

ಮರದ ಬೇರುಗಳು ಹಿಡಿದಿಟ್ಟ ಮಣ್ಣು ಸುತ್ತಲಿನ ನೀರಿಗಿಂತ ಒಂದಡಿಯಷ್ಟು ಎತ್ತರ. ಅಲ್ಲಿ ಕಂಡದ್ದು ಮೂರು ಹಕ್ಕೆ. ಮೊದಲನೆಯದರಲ್ಲಿ ಹುಲ್ಲು ಮೊಟ್ಟೆಯಾಕಾರದಲ್ಲಿ ಒತ್ತಿ ಚಾಪೆಯಾಗಿತ್ತು, ನನ್ನ ತೋಳಿಗಿಂತ ಉದ್ದ. ಅಂಚಿನಲ್ಲಿ ಹಿಕ್ಕೆಯ ರಾಶಿ. ಬೂದು ಬಣ್ಣದ, ಟೊಳ್ಳಾದ, ಬೆರಳಲ್ಲಿ ಮಡಚಿದರೆ ಮುರಿದು ನಿಲ್ಲುವ ಚಳಿಗಾಲದ ಕೂದಲು. ಹೆಣ್ಣುಗಳು ಮರಿಗಳೊಡನೆ ಮಲಗುವಲ್ಲಿ ಚಿಕ್ಕದು ದೊಡ್ಡದು ಸೇರಿ ಹಕ್ಕೆಗಳು ಗುಂಪಾಗಿರುತ್ತವೆ. ಇಲ್ಲಿ ಮೂರೂ ಒಂದೇ ಅಳತೆ, ಮರದ ಒಂದೊಂದು ಮಗ್ಗುಲಿಗೆ ಒಂದೊಂದು. ಪಕ್ಕದ ವಿಲೋ ಕಾಂಡದ ಸಿಪ್ಪೆಯನ್ನು ಕೊಂಬಿನಿಂದ ಉಜ್ಜಿ ಎಬ್ಬಿಸಿತ್ತು. ಒಂದೇ ಗಂಡು, ಗಾಳಿಗೆ ತಕ್ಕಂತೆ ಹಾಸಿಗೆ ಬದಲಿಸುತ್ತಿದೆ ಎಂದು ಲೆಕ್ಕ ಹಾಕಿದೆ. ಗಾಳಿಯನ್ನು ಬೆನ್ನಿಗೆ ಬಿಟ್ಟು ಮಲಗಿದರೆ ಹಿಂದಿನದನ್ನು ಮೂಗು ನೋಡಿಕೊಳ್ಳುತ್ತದೆ, ಮುಂದಿನದನ್ನು ಕಣ್ಣು.

ವಾಯವ್ಯ ಗಾಳಿಗೆ ಒಪ್ಪುವ, ಆಗ್ನೇಯ ಮಗ್ಗುಲಿನ ಹಕ್ಕೆಯಲ್ಲಿ ನಾನೇ ಕುಳಿತು ನೋಡಿದೆ. ಪ್ಯಾಂಟು ಒದ್ದೆಯಾಯಿತು, ಆದರೆ ಇದನ್ನು ಯಾರೂ ಬಿಡಬಾರದು: ನಿಂತ ಮನುಷ್ಯನ ಎತ್ತರದಿಂದ ಜಿಂಕೆಯ ಲೋಕ ಕಾಣುವುದಿಲ್ಲ. ಕೆಳಗಿನಿಂದ ಜೊಂಡಿನ ನಡುವೆ ಕಿರಿದಾದ ಒಂದು ಓಣಿ ತೆರೆದಿತ್ತು. ಅದರ ತುದಿಯಲ್ಲಿ ಏನೋ ಕೆಂಪಗೆ ಹೊಳೆಯಿತು. ನನ್ನ ಕಾರು.

ಎರಡು ವರ್ಷ ನಾನು ಬಾಗಿಲು ತೆಗೆದದ್ದು, ಬೂಟು ಕಟ್ಟಿಕೊಂಡದ್ದು, ಥರ್ಮಾಸ್‌ನ ಕಾಫಿ ಕುಡಿದದ್ದು ಎಲ್ಲವನ್ನೂ ಆ ಗಂಡು ಇಲ್ಲಿಂದ ನೋಡಿರಬಹುದು. ನವೆಂಬರಿನ ಒಂಬತ್ತು ದಿನಗಳ ಬಂದೂಕು ಬೇಟೆಯಲ್ಲಿ ಎಲ್ಲರೂ ನನ್ನ ಹಾಗೆಯೇ ಮರವನ್ನು ದಾಟಿ ಕಾಡಿನೊಳಕ್ಕೆ ನಡೆದವರು.

ಆ ಅಕ್ಟೋಬರ್‌ನಲ್ಲಿ ವಾಯವ್ಯ ಗಾಳಿಯ ಒಂದು ಮಧ್ಯಾಹ್ನ ಕಾರನ್ನು ಬೇರೆಡೆ ನಿಲ್ಲಿಸಿ, ಗಾಳಿಗೆ ಅಡ್ಡಲಾಗಿ ಸುತ್ತು ಹಾಕಿ, ಹಕ್ಕೆಯಿಂದ ಹೊರಡುವ ಜಾಡಿಗೆ ಎಂಬತ್ತು ಗಜ ದೂರದ ವಿಲೋ ಪೊದೆಯಲ್ಲಿ ಕುಳಿತೆ. ಇನ್ನೂ ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಬೇಟೆಯ ಸಮಯ ಮುಗಿಯಲು ಹತ್ತು ನಿಮಿಷವಿದ್ದಾಗ ಮರದ ಬುಡದಲ್ಲಿ ಜೊಂಡು ಅಲುಗಿ, ಕೊಂಬಿನ ತುದಿಗಳು ಮೇಲೆದ್ದವು. ಅದೇ ಹೊತ್ತಿಗೆ ರಸ್ತೆಯ ಬದಿಯಲ್ಲಿ ಯಾರೋ ಕಾರಿನ ಬಾಗಿಲು ಧಡಾರನೆ ಹಾಕಿದರು. ಕೊಂಬುಗಳು ಅತ್ತ ತಿರುಗಿದವು, ಒಂದು ನಿಮಿಷ ಹಾಗೇ ನಿಂತವು, ಆಮೇಲೆ ಮೆಲ್ಲಗೆ ಕೆಳಗಿಳಿದವು. ಕತ್ತಲಾಗುವವರೆಗೂ ಅದು ಏಳಲಿಲ್ಲ, ನಾನೂ ಏಳಲಿಲ್ಲ.