ಉಸುಕಿನಲ್ಲಿ ಗೂಟ ನಿಲ್ಲುವುದಿಲ್ಲ

ಹೋದ ಡಿಸೆಂಬರ್‌ನಲ್ಲಿ ನನ್ನ ಅಳಿಯ ಮೂವರು ಗೆಳೆಯರನ್ನು ಕಟ್ಟಿಕೊಂಡು ಹುಬ್ಬಳ್ಳಿಯಿಂದ ಕುಮಟಾ ಕಡೆ ಹೋಗಿದ್ದ. ರಾತ್ರಿ ಎರಡೂವರೆಗೆ ಫೋನು ಬಂತು.

"ಮಾಮಾ, ಟೆಂಟ್ ಹೋತು."

"ಎಲ್ಲಿಗೆ ಹೋತೋ?"

"ಸಮುದ್ರದಾಗ. ಸಂಜೀಕ ಗಾಳಿ ಸಮುದ್ರದಿಂದನ ಬರಾಕತ್ತಿತ್ತು. ಟೆಂಟ್ ಆ ಕಡೆ ಹ್ಯಾಂಗ ಹೋತು?"

ನಾಲ್ಕೂ ಮಂದಿ ಹೊರಗೆ ಹರಟೆ ಹೊಡೆಯುತ್ತ ಕುಳಿತಿದ್ದರಂತೆ, ಖಾಲಿ ಟೆಂಟ್ ಬುಟ್ಟಿಯ ಹಾಗೆ ಉರುಳಿ ನೀರಿಗೆ ಬಿತ್ತಂತೆ. ಅವನ ಪ್ರಶ್ನೆ ಮಾತ್ರ ಸರಿಯಾದದ್ದೇ. ಹದಿನೈದು ವರ್ಷದಿಂದ ಚಳಿಗಾಲಕ್ಕೊಮ್ಮೆಯಾದರೂ ಕರಾವಳಿಯಲ್ಲಿ ಟೆಂಟ್ ಹೊಡೆಯುವವನು ನಾನು. ನಮ್ಮ ಬಯಲುಸೀಮೆಯವರು ಎಡವುವುದು ಹೆಚ್ಚಾಗಿ ಇದೊಂದೇ ಕಡೆ. ಉಳಿದದ್ದೆಲ್ಲ ಸಲೀಸು.

ಮೊದಲು ಪಂಚಾಂಗ

ನವೆಂಬರ್ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ಹೋಗಿ. ಮಳೆಗಾಲದಲ್ಲಿ ಬೇಡವೇ ಬೇಡ. ಧಾರವಾಡದಲ್ಲಿ ಹಲ್ಲು ಕಟಕಟ ಎನ್ನುವ ದಿನಗಳಲ್ಲೂ ಅಲ್ಲಿ ರಾತ್ರಿ 20 ಡಿಗ್ರಿಯ ಆಸುಪಾಸು ಇರುತ್ತದೆ.

ತಿಂಗಳು ಆರಿಸಿದ ಮೇಲೆ ತಿಥಿ ಆರಿಸಬೇಕು. ಬೆಳದಿಂಗಳಿನ ಆಸೆಗೆ ಎಲ್ಲರೂ ಹುಣ್ಣಿಮೆಗೇ ಹೊರಡುತ್ತಾರೆ. ಆದರೆ ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಉಬ್ಬರ ಜೋರು. ನಮ್ಮ ಕರಾವಳಿಯಲ್ಲಿ ಆ ದಿನಗಳ ದೊಡ್ಡ ಉಬ್ಬರ ಬರುವುದು ಹೆಚ್ಚುಕಮ್ಮಿ ನಡುರಾತ್ರಿಗೆ, ನೀವು ಗೊರಕೆ ಹೊಡೆಯುವ ಹೊತ್ತಿಗೆ ಸರಿಯಾಗಿ. ನನ್ನ ಆಯ್ಕೆ ಶುಕ್ಲ ಅಷ್ಟಮಿ. ಅವತ್ತು ನೀರಿನ ಏರಿಳಿತ ಕಡಿಮೆ, ನಡುರಾತ್ರಿಯವರೆಗೆ ಅರ್ಧ ಚಂದ್ರನೂ ಇರುತ್ತಾನೆ, ಆಮೇಲೆ ನಕ್ಷತ್ರ. ಉಬ್ಬರ ದಿನಕ್ಕೆರಡು ಸಲ, ಮರುದಿನ ಸುಮಾರು 50 ನಿಮಿಷ ತಡವಾಗಿ. ಇಷ್ಟು ಗೊತ್ತಿದ್ದರೆ ಗೋಡೆಯ ಮೇಲಿನ ಕ್ಯಾಲೆಂಡರೇ ಸಾಕು.

ದಾರಿ, ಜಾಗ

ಕಲಘಟಗಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ರಾಷ್ಟ್ರೀಯ ಹೆದ್ದಾರಿ 52, ಮೂರೂವರೆ ತಾಸು. ಘಟ್ಟದಲ್ಲಿ ಲಾರಿ ಸಾಲು ಸಿಕ್ಕರೆ ನಾಲ್ಕೂವರೆ. (ಇನ್ನೂ ಆಗದ ಹುಬ್ಬಳ್ಳಿ–ಅಂಕೋಲಾ ರೈಲಿಗೆ ಹೋಗೋಣ ಎನ್ನುವವರು ಮೊಮ್ಮಕ್ಕಳಿಗೆ ಹೇಳಿಡಿ.) ಬೆಳಿಗ್ಗೆ ಆರಕ್ಕೆ ಮನೆ ಬಿಡಿ. ಕತ್ತಲಲ್ಲಿ ಟೆಂಟ್ ಹೊಡೆಯುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಕಂಡಲ್ಲಿ ಬಿಡಾರ ಹೂಡಲು ಬರುವುದಿಲ್ಲ. ಹೊನ್ನಾವರದ ಕಾಸರಕೋಡು ಇಕೋ ಬೀಚ್‌ಗೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಶುಚಿಯಾದ, ಸುರಕ್ಷಿತ ದಂಡೆಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಅನುಮತಿಯಿಲ್ಲದ ಬಿಡಾರಕ್ಕೆ ಆ ಮಾನ್ಯತೆಯ ನಿಯಮದಲ್ಲೇ ಜಾಗವಿಲ್ಲ. ಗೋಕರ್ಣದ ಓಂ, ಕುಡ್ಲೆ ಕಡೆ ಗದ್ದಲವೇ ಜಾಸ್ತಿ. ನಾನು ಮಾಡುವುದು ಇಷ್ಟು: ಕುಮಟಾ, ಹೊನ್ನಾವರ ಕಡೆ ದಂಡೆಗೆ ಹತ್ತಿಕೊಂಡು ತೋಟ ಇರುವ ಹೋಂಸ್ಟೇಗೆ ಮೊದಲೇ ಫೋನ್ ಮಾಡಿ, "ನಿಮ್ಮ ಕಂಪೌಂಡಿನಲ್ಲಿ ಟೆಂಟ್ ಹಾಕಿಕೊಳ್ತೇವೆ, ಬಾವಿ ನೀರು, ಶೌಚಾಲಯ ಕೊಟ್ಟರೆ ಸಾಕು" ಎಂದು ಕೇಳುವುದು. ಬೇರೆ ಕಡೆಯಾದರೆ ಪಂಚಾಯಿತಿಯಲ್ಲೂ ಅರಣ್ಯ ಇಲಾಖೆಯವರಲ್ಲೂ ಕೇಳಿಯೇ ಕೆಳಗಿಳಿಯಿರಿ. ಚಳಿಗಾಲ ಕಡಲಾಮೆಗಳು ಮೊಟ್ಟೆಯಿಡಲು ದಂಡೆಗೆ ಬರುವ ಕಾಲ. ಬಲೆ ಸುತ್ತಿ ಕಾಯ್ದಿಟ್ಟ ಗೂಡು ಕಂಡರೆ ದೂರ ಸರಿಯಿರಿ, ದಂಡೆಯ ಮೇಲೆ ಬೆಂಕಿ ಹಾಕಬೇಡಿ, ಟಾರ್ಚ್ ಝಳಪಿಸಬೇಡಿ. ಬೆಳಕು ಕಂಡರೆ ಮರಿಗಳು ನೀರಿನ ದಿಕ್ಕು ತಪ್ಪುತ್ತವೆ.

ದಂಡೆಯ ಮೇಲೆ ಒಣಗಿದ ಕಸ, ಚಿಪ್ಪು, ಕಡ್ಡಿಯ ಗೆರೆಯೊಂದು ಇರುತ್ತದೆ. ಅದು ನೀರು ಬಂದು ಮುಟ್ಟಿ ಹೋದ ಗುರುತು. ಅಂಥ ಗೆರೆ ಎರಡಿದ್ದರೆ ಮೇಲಿನದನ್ನು ನಂಬಿ, ಅದಕ್ಕಿಂತ ಇಪ್ಪತ್ತು ಹೆಜ್ಜೆ ಹಿಂದೆ ಸರಿಯಿರಿ. ಗಾಳಿಮರದ ಸಾಲಿನ ಹಿಂದೆ ಜಾಗ ಸಿಕ್ಕರೆ ಪುಣ್ಯ. ತೆಂಗಿನ ಮರದ ಕೆಳಗೆ ಮಾತ್ರ ಬೇಡ, ಕಾರಣ ಹೇಳಬೇಕಿಲ್ಲ.

ಟೆಂಟ್ ಹೊಡೆಯುವುದು

ಕಡಲ ದಂಡೆಯಲ್ಲಿ ಗಾಳಿ ಎರಡು ಪಾಳಿ ಮಾಡುತ್ತದೆ. ಹಗಲು ನೆಲ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಏರುತ್ತದೆ, ಆ ಜಾಗಕ್ಕೆ ಕಡಲ ಕಡೆಯಿಂದ, ಅಂದರೆ ಪಶ್ಚಿಮದಿಂದ, ಗಾಳಿ ನುಗ್ಗುತ್ತದೆ. ಮಧ್ಯಾಹ್ನದಿಂದ ಸಂಜೆಯವರೆಗೆ ಇದರದೇ ದರ್ಬಾರು. ಕತ್ತಲಾದ ಮೇಲೆ ನೆಲ ಬೇಗ ಆರುತ್ತದೆ, ನೀರು ಬಿಸಿ ಹಿಡಿದುಕೊಂಡಿರುತ್ತದೆ. ನಡುವೆ ತುಸು ಹೊತ್ತು ಎಲೆಯೂ ಅಲುಗುವುದಿಲ್ಲ. ಆಮೇಲೆ ಗಾಳಿ ತಿರುಗಿ ಘಟ್ಟದ ಕಡೆಯಿಂದ ಕಡಲಿಗೆ ಬೀಸುತ್ತದೆ. ಚಳಿಗಾಲದಲ್ಲಿ ಈ ಮೂಡಗಾಳಿಗೆ ಬಲ ಜಾಸ್ತಿ. ನನ್ನ ಅಳಿಯ ಸಂಜೆಯ ಗಾಳಿ ನೋಡಿ ಕಡಲ ಕಡೆಗೆ ಮಾತ್ರ ಬಿಗಿಯಾಗಿ ಕಟ್ಟಿದ್ದ, ಬಾಗಿಲನ್ನು ಘಟ್ಟದ ಕಡೆ ಇಟ್ಟಿದ್ದ. ಎರಡನೇ ಪಾಳಿಯ ಗಾಳಿ ತೆರೆದ ಬಾಗಿಲಿನಿಂದ ಒಳಹೊಕ್ಕು ಟೆಂಟನ್ನೇ ಎತ್ತಿಕೊಂಡು ನಡೆಯಿತು.

ಅದಕ್ಕೇ ಬಾಗಿಲು ಉತ್ತರಕ್ಕೋ ದಕ್ಷಿಣಕ್ಕೋ ಇರಲಿ. ಮಲಗಿದಲ್ಲಿಂದಲೇ ಕಡಲು ಕಾಣಬೇಕು ಎಂಬ ಆಸೆ ಫೋಟೊದವರಿಗೆ ಬಿಡಿ. ಮೂಡಣ, ಪಡುವಣ ಎರಡೂ ಕಡೆ ಸಮನಾಗಿ ಕಟ್ಟಿ.

ಇನ್ನು ಗೂಟ. ಟೆಂಟಿನ ಜೊತೆ ಬರುವ ಗೇಣುದ್ದದ ತಂತಿಯ ಗೂಟ ನಮ್ಮ ನವಲಗುಂದದ ಎರೆ ನೆಲಕ್ಕೆ ಸರಿ, ಎತ್ತು ಎಳೆದರೂ ಬರಲಿಕ್ಕಿಲ್ಲ. ಉಸುಕಿನಲ್ಲಿ ಅದು ಬೆಣ್ಣೆಯಲ್ಲಿ ಚುಚ್ಚಿದ ಕಡ್ಡಿ. "ಸ್ಯಾಂಡ್ ಪೆಗ್" ಎಂದು ಮಾರುವ ಪ್ಲಾಸ್ಟಿಕ್ ತಿರುಪು ಗೂಟಗಳನ್ನೂ ಕೊಂಡು ನೋಡಿದ್ದೇನೆ, ಎರಡನೇ ಸಲಕ್ಕೆ ತಲೆ ಮುರಿದವು. ದುಡ್ಡು ಹಾಳು ಮಾಡಬೇಡಿ. ಬೇಕಾಗಿದ್ದು ಹತ್ತು ಕಿಲೋ ಅಕ್ಕಿಯ ಖಾಲಿ ಚೀಲ. ಟೆಂಟಿನ ನಾಲ್ಕು ಮೂಲೆಗೆ ನಾಲ್ಕು, ಮೇಲಿನ ಹಗ್ಗಗಳಿಗೆ ನಾಲ್ಕು.

ಚೀಲಕ್ಕೆ ಅರ್ಧದಷ್ಟು ಉಸುಕು ತುಂಬಿ, ಬಾಯಿ ಕಟ್ಟಿ. ನಡುವಿಗೆ ಎರಡು ಸುತ್ತು ಹಗ್ಗ ಹಾಕಿ ಗಂಟು ಬಿಗಿಯಿರಿ. ಟೆಂಟಿನಿಂದ ಅದರ ಎತ್ತರದಷ್ಟಾದರೂ ದೂರದಲ್ಲಿ ಒಂದು ಮೊಳ ಆಳದ ಗುಂಡಿ ತೋಡಿ, ಚೀಲವನ್ನು ಹಗ್ಗಕ್ಕೆ ಅಡ್ಡಲಾಗಿ ಮಲಗಿಸಿ. ಎಲ್ಲರೂ ಮರೆಯುವ ಕೆಲಸ ಮುಂದಿನದು. ಗುಂಡಿಯಿಂದ ಟೆಂಟಿನ ಕಡೆಗೆ, ಹಗ್ಗ ಕೂರುವಷ್ಟು ಅಗಲದ ಇಳಿಜಾರು ಕಾಲುವೆಯೊಂದನ್ನು ಬೆರಳಲ್ಲೇ ಕೊರೆಯಿರಿ. ಕಾಲುವೆ ಇಲ್ಲದಿದ್ದರೆ ಹಗ್ಗ ಗುಂಡಿಯ ಅಂಚಿಗೆ ಒತ್ತಿ ಚೀಲವನ್ನು ನೆಟ್ಟಗೆ ಮೇಲಕ್ಕೆ ಜಗ್ಗುತ್ತದೆ, ಅಂಚು ಕುಸಿದಂತೆ ಹಗ್ಗ ಸಡಿಲಾಗುತ್ತದೆ. ಕಾಲುವೆ ಇದ್ದರೆ ಎಳೆತ ಓರೆಯಾಗಿ ಬರುತ್ತದೆ, ಚೀಲದ ಮುಂದಿರುವ ಉಸುಕೆಲ್ಲ ಅಡ್ಡ ನಿಲ್ಲುತ್ತದೆ. ಗುಂಡಿ ಮುಚ್ಚುವಾಗ ಒಣ ಉಸುಕು ಸುರಿದು ಬಿಡಬೇಡಿ. ಎರಡು ಕೊಡ ಕಡಲ ನೀರು ಹೊಯ್ದು ತುಳಿಯಿರಿ. ಒದ್ದೆ ಉಸುಕು ಹಿಡಿಯುವ ಹಾಗೆ ಒಣ ಉಸುಕು ಹಿಡಿಯದು. ಆಮೇಲೆ ಹಗ್ಗ ಹಿಡಿದು ಮೈಭಾರ ಬಿಟ್ಟು ಜಗ್ಗಿ ನೋಡಿ. ನಿಮ್ಮನ್ನು ತಡೆದರೆ ಗಾಳಿಯನ್ನೂ ತಡೆಯುತ್ತದೆ.

ಕೆಲಸದ ಸರದಿಯೂ ಮುಖ್ಯ. ಮೊದಲು ನೆಲಕ್ಕೆ ತಾಡಪತ್ರಿ. ಅದರ ಮೇಲೆ ಟೆಂಟ್ ಬಟ್ಟೆ ಹರವಿ, ಆ ಹೊತ್ತಿಗೆ ಗಾಳಿ ಬರುವ ಕಡೆಯ ಎರಡು ಮೂಲೆಗಳನ್ನು ಚೀಲಕ್ಕೆ ಕಟ್ಟಿ. ಬ್ಯಾಗುಗಳನ್ನೆಲ್ಲ ಒಳಗೆ ಹಾಕಿ. ಆಮೇಲಷ್ಟೇ ಕೋಲು ಜೋಡಿಸಿ ಎತ್ತುವುದು. ಮೊದಲೇ ಕೋಲು ಏರಿಸಿದರೆ ನಿಮ್ಮ ಕೈಯಲ್ಲಿರುವುದು ಗಾಳಿಪಟ. ಸೂರ್ಯ ಮುಳುಗಿದ ಮೇಲೆ ಒಂದು ಸಲ, ಮಲಗುವ ಮುನ್ನ ಒಂದು ಸಲ ಹಗ್ಗ ಮುಟ್ಟಿ ನೋಡಿ. ಇಬ್ಬನಿಗೆ ನೈಲಾನ್ ಬಟ್ಟೆ ಜೋತು ಬೀಳುತ್ತದೆ, ಮತ್ತೆ ಬಿಗಿ ಮಾಡಬೇಕು. ಮೇಲಿನ ಗಾಳಿಕಿಂಡಿ ಮುಚ್ಚಬೇಡಿ. ಮುಚ್ಚಿದರೆ ನಿಮ್ಮ ಉಸಿರೇ ನೀರಾಗಿ ಬೆಳಿಗ್ಗೆ ಮುಖಕ್ಕೆ ತೊಟ್ಟಿಕ್ಕುತ್ತದೆ.

ಒಂದು ಸಲ ಮನೆಯಲ್ಲೇ ಮಾಡಿ ನೋಡುವುದು ಒಳ್ಳೆಯದು. ಓಣಿಯಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿದ್ದರೆ ಉಸುಕಿನ ಗುಡ್ಡೆ ಇದ್ದೇ ಇರುತ್ತದೆ. ಮೇಸ್ತ್ರಿಗೆ ಚಹಾ ಕುಡಿಸಿ ಕೇಳಿ.

ಊಟ, ಹಾಸಿಗೆ

ತಲೆಗೆ ನಾಲ್ಕು ಲೀಟರ್ ನೀರು. ಕೌದಿ ತನ್ನಿ, ಹೊದೆಯಲಿಕ್ಕಲ್ಲ, ಹಾಸಲಿಕ್ಕೆ. ಹೊದಿಯಲು ತೆಳ್ಳನೆಯ ಚಾದರ ಸಾಕು.

ಅಡುಗೆಯ ಉಸಾಬರಿ ನನಗಾಗದು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಮೊಸರು. ಆದರೆ ಒಂದು ಎಚ್ಚರ: ನಮ್ಮಲ್ಲಿ ತಿಂಗಳುಗಟ್ಟಲೆ ಗರಿಗರಿ ಇರುವ ರೊಟ್ಟಿ ಅಲ್ಲಿಯ ತೇವಕ್ಕೆ ಒಂದೇ ರಾತ್ರಿಯಲ್ಲಿ ಚರ್ಮವಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ಒಯ್ಯಬೇಡಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕು. ಚುರುಮುರಿಗೂ ಇದೇ ಗತಿ.

ಚಹಾಕ್ಕೆ ಸಣ್ಣ ಗ್ಯಾಸ್ ಕ್ಯಾನಿನ ಒಲೆ ಸಾಕು. ಗಾಳಿಗೆ ಉರಿ ಆರುತ್ತದೆಂದು ಒಲೆಯನ್ನೂ ಕ್ಯಾನನ್ನೂ ಸೇರಿಸಿ ತಗಡು ಸುತ್ತುವವರನ್ನು ಕಂಡಿದ್ದೇನೆ. ಒಳಗಿನ ಬಿಸಿಗೆ ಕ್ಯಾನ್ ಸಿಡಿಯಬಹುದು. ಗಾಳಿ ಬರುವ ಒಂದೇ ಕಡೆ ಮರೆ ಮಾಡಿ. ಟೆಂಟಿನೊಳಗೆ ಒಲೆ ಹಚ್ಚಬೇಡಿ, ಮುಚ್ಚಿದ ಜಾಗದಲ್ಲಿ ಉರಿಯಿಂದ ಹುಟ್ಟುವ ವಿಷಗಾಳಿಗೆ (ಕಾರ್ಬನ್ ಮೊನಾಕ್ಸೈಡ್) ವಾಸನೆಯೂ ಇರುವುದಿಲ್ಲ. ಕತ್ತಲಾದ ಮೇಲೆ ನೀರಿಗಿಳಿಯಬೇಡಿ.

ವಾಪಸು ಬಂದ ಮೇಲೆ

ಟೆಂಟನ್ನು ಸಿಹಿನೀರಿನಲ್ಲಿ ಜಾಲಾಡಿ, ಮಾಳಿಗೆಯ ಮೇಲೆ ನೆರಳಲ್ಲಿ ಒಣಗಿಸಿ. ಜಿಪ್ಪಿನ ಹಲ್ಲಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಬೇಕೇ ಬೇಕು. ಉಪ್ಪು ಕುಳಿತರೆ ಮುಂದಿನ ಸಲ ಜಿಪ್ಪು ಸರಿಯುವುದಿಲ್ಲ. ಚೀಲದ ಉಸುಕನ್ನು ಅಲ್ಲೇ ಸುರುವಿ, ಗುಂಡಿ ಮುಚ್ಚಿ ಬನ್ನಿ. ನನ್ನ ಅಳಿಯ ಎರಡು ಚೀಲ ಡಿಕ್ಕಿಯಲ್ಲೇ ತಂದ. ಅಕ್ಕ ಅದನ್ನು, ಎಷ್ಟು ಸಣ್ಣ ಉಸುಕು ನೋಡು ಎನ್ನುತ್ತ, ತುಳಸಿ ಕುಂಡಕ್ಕೆ ಹಾಕಿದಳು. ಒಂದು ವಾರಕ್ಕೆ ತುಳಸಿ ಒಣಗಿತು.