ಹೊಲದಲ್ಲಿ ನಕ್ಷತ್ರ ಆಮೆ ಸಿಕ್ಕರೆ ಬಾವಿಗೆ ಬಿಡಬೇಡಿ

ಬಾಗಲಕೋಟೆ, ವಿಜಯಪುರದ ಕಡೆ ಬದುವಿನ ಮೇಲೆ ಆಮೆ ಕಂಡರೆ, ಪಾಪ ನೀರಿನಿಂದ ದಾರಿ ತಪ್ಪಿ ಬಂದಿದೆ ಎಂದು ಬಾವಿಗೋ ಕಾಲುವೆಗೋ ಬಿಡುವವರುಂಟು. ಅದು ನಕ್ಷತ್ರ ಆಮೆಯಾಗಿದ್ದರೆ ಮುಳುಗಿ ಸಾಯುತ್ತದೆ. ಅದು ಒಣ ಹುಲ್ಲು, ಕುರುಚಲು ಗಿಡಗಳ ನಡುವೆ ಬದುಕುವ ಪ್ರಾಣಿ, ಈಜು ಬಾರದು.

ಮೊದಲು ಕಾಲು ನೋಡಿ. ಆನೆಯ ಕಾಲಿನಂತೆ ದುಂಡಗೆ ಗಟ್ಟಿಯಾಗಿದ್ದು, ಬೆರಳುಗಳ ನಡುವೆ ಪೊರೆ ಇಲ್ಲದಿದ್ದರೆ ನೆಲದ ಆಮೆ. ಗುಮ್ಮಟದಂಥ ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ ಹರಡಿದ್ದರೆ ಅನುಮಾನವೇ ಬೇಡ. ಚಿಪ್ಪು ಚಪ್ಪಟೆಯಾಗಿ ನುಣುಪಾಗಿದ್ದು ಬೆರಳುಗಳ ನಡುವೆ ಪೊರೆ ಇದ್ದರೆ ಮಾತ್ರ ನೀರಿನ ಆಮೆ. ಮಳೆಗಾಲದಲ್ಲಿ ಅದೂ ಹೊಲಕ್ಕೆ ಬರುತ್ತದೆ.

ಗಾಯವಿಲ್ಲದೆ ರಸ್ತೆ ದಾಟುತ್ತಿದ್ದರೆ, ಅದು ಹೊರಟ ದಿಕ್ಕಿನ ಬದಿಗೇ ದಾಟಿಸಿ ಬಿಟ್ಟುಬಿಡಿ. ಎರಡೂ ಕೈಯಿಂದ ಚಿಪ್ಪಿನ ಪಕ್ಕ ಹಿಡಿದು ನೆಲಕ್ಕೆ ಹತ್ತಿರವೇ ಎತ್ತಿ. ಮಕ್ಕಳಿಗೆ ತೋರಿಸಲೆಂದು ಮತ್ತೆ ಮತ್ತೆ ಎತ್ತಬೇಡಿ: ಹೆದರಿ ಮೂತ್ರ ಬಿಡುತ್ತದೆ, ಒಣ ದಿನಗಳಿಗೆ ಮೈಯಲ್ಲಿ ಉಳಿಸಿಕೊಂಡ ನೀರೇ ಹೋಗುತ್ತದೆ.

ನೀರಿನಿಂದ ಮೇಲೆತ್ತಿದ್ದರೆ ತಲೆ ಕೆಳಮುಖವಾಗಿ ಹಿಡಿದು ನೀರು ಸೋರಲು ಬಿಡಿ. ಅಲುಗಾಡದಿದ್ದರೂ ಸತ್ತಿದೆ ಎಂದು ಎಸೆಯದೆ ಪಶುವೈದ್ಯರಿಗೆ ತೋರಿಸಿ.

ಗಾಯವಾಗಿದ್ದರೆ, ಊರೊಳಗೆ ಅಥವಾ ಚೀಲದಲ್ಲಿ ಸಿಕ್ಕರೆ 1926ಕ್ಕೆ ಕರೆ ಮಾಡಿ. ಅದು ಅರಣ್ಯ ಇಲಾಖೆಯ ಸಹಾಯವಾಣಿ. ಸಿಬ್ಬಂದಿ ಬರುವವರೆಗೆ ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ನೆರಳಲ್ಲಿಡಿ. ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ನೀರು ಸಾಕು. ಅನ್ನ, ರೊಟ್ಟಿ, ಹಾಲು ಬೇಡವೇ ಬೇಡ. ಹುಲ್ಲು, ಸೊಪ್ಪು, ಪಾಪಾಸುಕಳ್ಳಿಯ ಹಣ್ಣು ಅದರ ಆಹಾರ. ಅದೃಷ್ಟ ಬರುತ್ತದೆಂದು ಮನೆಯೊಳಗೆ ಇಟ್ಟುಕೊಂಡ ಆಮೆಗೆ ಬಿಸಿಲೂ ಸುಣ್ಣದಂಶವೂ ಸಾಲದೆ ಚಿಪ್ಪು ಸೊಟ್ಟಗಾಗುತ್ತದೆ, ಮೂಳೆ ಮೆತ್ತಗಾಗುತ್ತದೆ.

ಸಾಕುವುದು, ಮಾರುವುದು ಅಪರಾಧ. 2022ರ ತಿದ್ದುಪಡಿಯ ನಂತರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚಿನ ರಕ್ಷಣೆಯ ಪಟ್ಟಿಯಲ್ಲಿದೆ ಈ ಪ್ರಾಣಿ. ವಿದೇಶಕ್ಕೆ ಕದ್ದು ಸಾಗಿಸುವ ದಂಧೆ ದೊಡ್ಡದು. ಹಾಗಾಗಿ ನಿಮಗೆ ಸಿಕ್ಕಿದ್ದು ಯಾವ ಸೀಮೆಯದೋ ಆಗಿರಬಹುದು. ನೀವೇ ಗುಡ್ಡಕ್ಕೆ ಒಯ್ದು ಬಿಟ್ಟರೆ ಅದರ ಉಸಿರಾಟದ ರೋಗ ಅಲ್ಲಿನ ಆಮೆಗಳಿಗೂ ತಗಲಬಹುದು, ತಳಿಯೂ ಬೆರೆತುಹೋಗುತ್ತದೆ.

ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡವೂ ನೆಲದ ಆಮೆಗೆ ಕುತ್ತೇ, ಬಿದ್ದರೆ ಉಗುರಿಗೆ ಹಿಡಿತ ಸಿಗದು. ದಂಡೆಯ ಸುತ್ತ ಒಂದೂವರೆ ಅಡಿ ಎತ್ತರದ ಜಾಲರಿ ಕಟ್ಟಿ, ಅದರ ಬುಡವನ್ನು ಮಣ್ಣಲ್ಲಿ ಹೂಳಿ.