ಕ್ಯಾಸಲ್‌ರಾಕ್ ಕಾಡಿನ ರೇಡಿಯೋ: ಕೇಳಿದವರನ್ನು ಹುಡುಕಿಕೊಂಡು ಹೋದ ನನ್ನ ಅನುಭವ

ಗೋವಾ ಬಿಡುಗಡೆಗಾಗಿ ದುಡಿದ ಒಂದು ಗುಪ್ತ ರೇಡಿಯೋ ನಮ್ಮ ಉತ್ತರ ಕನ್ನಡದ ಕಾಡಿನಿಂದಲೂ ಮಾತಾಡಿದೆ. ನಮ್ಮ ಜಿಲ್ಲೆಯಲ್ಲೇ ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕೊಂಕಣಿಯಲ್ಲಿ ಅದು ‘ಗೊಂಯ್ಚೆ ಸೊಡವಣೆಚೊ ಆವಾಜ್’ (ಗೋವಾ ಬಿಡುಗಡೆಯ ದನಿ), ಪೋರ್ಚುಗೀಸಿನಲ್ಲಿ ‘ವೋಜ್ ದ ಲಿಬೆರ್ದಾದ್’ (ಸ್ವಾತಂತ್ರ್ಯದ ದನಿ). 1955ರ ನವೆಂಬರ್ 25ರಂದು ಈಗಿನ ಮಹಾರಾಷ್ಟ್ರದ ಅಂಬೋಲಿ ಘಟ್ಟದ ಕಾಡಿನಲ್ಲಿ ಶುರುವಾಯಿತು. ಆಮೇಲೆ ಜೋಯಿಡಾ ತಾಲೂಕಿನ ಕ್ಯಾಸಲ್‌ರಾಕ್‌ಗೆ ಬಂತು. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆ ಆಗುವ ತನಕ ನಡೆಯಿತು. ನಡೆಸಿದವರು ವಾಮನ ಸರದೇಸಾಯಿ ಮತ್ತು ಲಿಬಿಯಾ ಲೋಬೊ. ಇಬ್ಬರೂ ಮುಂದೆ ಮದುವೆಯಾದರು.

ನಾನು ಕಾರವಾರದ ಹತ್ತಿರದ ಸದಾಶಿವಗಡದವಳು. ಮನೆಮಾತು ಕೊಂಕಣಿ, ಓದು ಬರಹ ಎಲ್ಲ ಕನ್ನಡ. ರೂಪಕ ಬರೆದು, ಧ್ವನಿ ಕೊಟ್ಟು ರೂಢಿಯಿದೆ. ಈ ರೇಡಿಯೋದ ಕತೆಯನ್ನು ಅರ್ಧ ಗಂಟೆಯ ಧ್ವನಿರೂಪಕ ಮಾಡೋಣ ಅಂತ ಹೊರಟೆ. ನಡೆಸಿದವರ ಬಗ್ಗೆ ಓದಲು ಸಾಕಷ್ಟು ಸಿಕ್ಕಿತು. ಕೇಳಿದವರ ಬಗ್ಗೆ ಏನೂ ಸಿಗಲಿಲ್ಲ. ಕೇಳುವವರಿಲ್ಲದೆ ರೇಡಿಯೋ ಎಲ್ಲಿಂದ ಬಂತು, ಅಲ್ವಾ? ಹಾಗಾಗಿ ಮಾಜಾಳಿ, ಕೋಡಿಬಾಗ, ಬೈತಖೋಲ, ಜೋಯಿಡಾ ಕಡೆ ಎಂಬತ್ತು ದಾಟಿದವರ ಮನೆ ಹುಡುಕಿಕೊಂಡು ಹೋದೆ. ಹೇಗೆ ಮಾಡಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ. ತಮ್ಮೂರಿನ ಹಳೆಯ ರೇಡಿಯೋ ಬಗ್ಗೆ ಬರೆಯಬೇಕು ಅನ್ನುವವರಿಗೆ ಉಪಯೋಗಕ್ಕೆ ಬರಬಹುದು.

“ಅಜ್ಜ, ನೀವು ಆ ರೇಡಿಯೋ ಕೇಳಿದ್ರಾ?” ಅಂತ ನೇರವಾಗಿ ಕೇಳಿದರೆ ಹೆಚ್ಚಿನವರು ಹೌದು ಅಂತಲೇ ಹೇಳುತ್ತಾರೆ. ಅವರು ಸುಳ್ಳು ಹೇಳುವುದಿಲ್ಲ, ಎದುರಿಗೆ ಕೂತವರ ಮನಸ್ಸು ಮುರಿಯಬಾರದು ಅಂತ ಅಷ್ಟೇ. ಅದಕ್ಕೇ ನಾನು ಮೊದಲು ರೇಡಿಯೋ ಪೆಟ್ಟಿಗೆಯ ಬಗ್ಗೆ ಕೇಳುತ್ತೇನೆ. “ಪೆಟ್ಟಿಗೆ ಯಾರ ಮನೇಲಿತ್ತು? ಎಲ್ಲಿ ಇಟ್ಟಿದ್ರು? ತಿರುಗಿಸೋದು ಯಾರು? ನಿಮ್ಮನ್ನ ಮುಟ್ಟೋಕೆ ಬಿಡ್ತಿದ್ರಾ?” ಇಷ್ಟು ಕೇಳಿದರೆ ಸಾಕು, ಮಾತು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಒಬ್ಬ ಅಜ್ಜ ತಮ್ಮ ಚಿಕ್ಕಪ್ಪನ ಮನೆಯ ವಾಲ್ವ್ ರೇಡಿಯೋ ಬಗ್ಗೆ ಬಹಳ ಹೊತ್ತು ಹೇಳಿದರು. ಜಗಲಿಯ ಗೋಡೆಗೆ ಹಲಗೆ ಹೊಡೆದು ಅದರ ಮೇಲೆ ಇಟ್ಟಿದ್ದರಂತೆ. ಧೂಳು ಕೂರದ ಹಾಗೆ ಚಿಕ್ಕಮ್ಮ ಕಸೂತಿ ಹಾಕಿದ ಬಟ್ಟೆ ಹೊದಿಸಿದ್ದರು. ಸ್ವಿಚ್ ಹಾಕಿದ ಕೂಡಲೇ ಮಾತು ಬರುತ್ತಿರಲಿಲ್ಲ. ಒಳಗಿನ ವಾಲ್ವ್‌ಗಳು, ಅಂದರೆ ಗಾಜಿನ ಕೊಳವೆಗಳು, ಬಿಸಿಯಾಗಬೇಕು. ಮೊದಲು ಡಯಲ್ ಬೆಳಗುತ್ತದೆ, ಆಮೇಲೆ ಗುಂಯ್ ಅನ್ನುತ್ತದೆ, ಆಮೇಲೆ ಸ್ವರ. ಏರಿಯಲ್ ತಂತಿ ಮಾಡಿನಿಂದ ಹಿತ್ತಲಿನ ತೆಂಗಿನ ಮರಕ್ಕೆ. ಮಳೆಗಾಲದಲ್ಲಿ ಗುಡುಗು ಬಂದರೆ ಅದನ್ನು ಕಳಚಿ ಕಿಟಕಿಯ ಆಚೆ ಬಿಡುವ ಕೆಲಸ ಇವರದು. “ಗೋವಾದ್ದು ಹಚ್ಚುವಾಗ ಚಿಕ್ಕಪ್ಪ ಬಾಗಿಲು ಹಾಕ್ತಿದ್ರು. ನಮ್ಮ ಅತ್ತೆ ಕಾಣಕೋಣದಲ್ಲಿ ಇದ್ಳಲ್ಲ, ಬಾಯಿ, ಆ ಹೆದರಿಕೆ” ಅಂದರು. ಕಾಣಕೋಣ ಗಡಿಯ ಆಚೆ, ಪೋರ್ಚುಗೀಸರ ಕೈಯಲ್ಲಿದ್ದ ಗೋವಾದಲ್ಲಿತ್ತು. ಈ ಮಾತನ್ನು ನಾನು ರೂಪಕದಲ್ಲಿ ಹಾಗೇ ಇಟ್ಟಿದ್ದೇನೆ. ಗಡಿಯ ಈಚೆ ಇದ್ದವರಿಗೂ ಆ ಹೆದರಿಕೆ ಇತ್ತು ಅನ್ನುವುದನ್ನು ನಾನು ಎಲ್ಲೂ ಓದಿರಲಿಲ್ಲ.

ಆ ಕಾಲ ಗೊತ್ತಿಲ್ಲದವರಿಗೆ ಒಂದು ಮಾತು. 1955ರ ಆಗಸ್ಟ್ 15ರಂದು ಗೋವಾದೊಳಗೆ ನುಗ್ಗಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಅದರ ಬೆನ್ನಿಗೇ ಗಡಿ ಮುಚ್ಚಿತು. ಕಾರವಾರದವರಿಗೂ ಗೋವಾದವರಿಗೂ ಹೆಣ್ಣು ಕೊಟ್ಟು ತಂದ ಸಂಬಂಧ. ಮದುವೆ, ಸಾವು, ಜಾತ್ರೆ ಎಲ್ಲಕ್ಕೂ ತಡೆ ಬಿತ್ತು. ನಮ್ಮ ಜಿಲ್ಲೆ ಆಗ ಮುಂಬೈ ರಾಜ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅಂದರೆ ಈ ರೇಡಿಯೋ ನಮ್ಮ ಜಿಲ್ಲೆ ಕರ್ನಾಟಕಕ್ಕೆ ಸೇರುವ ಮೊದಲೇ ಹುಟ್ಟಿದ್ದು.

ಕಷ್ಟ ಇರುವುದು ನೆನಪುಗಳನ್ನು ಬಿಡಿಸುವಲ್ಲಿ. ಹಿರಿಯರು “ಗೋವಾ ರೇಡಿಯೋ” ಅಂದಾಗ ಅದು ಮೂರರಲ್ಲಿ ಯಾವುದೂ ಆಗಿರಬಹುದು. ಪಣಜಿಯಿಂದ ಪೋರ್ಚುಗೀಸ್ ಸರಕಾರ ನಡೆಸುತ್ತಿದ್ದ ಎಮಿಸೋರಾ ದ ಗೋವಾ ಒಂದು. ಪಾಶ್ಚಾತ್ಯ ಸಂಗೀತಕ್ಕೆ ಅದು ಹೆಸರುವಾಸಿ. ಬಿಡುಗಡೆಯ ನಂತರದ ಪಣಜಿ ಆಕಾಶವಾಣಿ ಇನ್ನೊಂದು. ಮೂರನೆಯದು ಈ ಕಾಡಿನ ರೇಡಿಯೋ. ಹಾಡು ನೆನಪಿದೆ ಅಂದರೆ ನಾನು ಎಮಿಸೋರಾ ಅಂತ ಬರೆದುಕೊಳ್ಳುತ್ತೇನೆ. ಕಾಡಿನ ರೇಡಿಯೋದ್ದು ಮುಖ್ಯವಾಗಿ ಮಾತು. ಪೋರ್ಚುಗೀಸರ ಪ್ರಚಾರಕ್ಕೆ ಉತ್ತರ, ಬೇರೆ ದೇಶಗಳಲ್ಲಿ ಪರಕೀಯರ ಆಳ್ವಿಕೆ ವಿರುದ್ಧ ನಡೆದ ಹೋರಾಟಗಳ ಸುದ್ದಿ. ಹಾಗೇ ಯಾರಾದರೂ ಕೈಯಲ್ಲಿ ಹಿಡಿದ ಟ್ರಾನ್ಸಿಸ್ಟರಿನಲ್ಲಿ ಕೇಳಿದೆ ಅಂದರೆ ಅದು ಬಹುತೇಕ ಬಿಡುಗಡೆಯ ನಂತರದ ನೆನಪು. ಟ್ರಾನ್ಸಿಸ್ಟರ್ ನಮ್ಮ ಊರುಗಳಿಗೆ ಬಂದಿದ್ದು 60ರ ದಶಕದಲ್ಲಿ. ಅದಕ್ಕೆ ಮೊದಲು ರೇಡಿಯೋ ಅಂದರೆ ಉಳ್ಳವರ ಮನೆಯ ಸಾಮಾನು, ಮೇಲೆ ಪೋಸ್ಟ್ ಆಫೀಸಿನಲ್ಲಿ ಕಟ್ಟುವ ಲೈಸೆನ್ಸ್ ಬೇರೆ.

ಇನ್ನೊಬ್ಬರು, ಸಂಜೆ ತಾರಿ (ನದಿ ದಾಟಿಸುವ ದೋಣಿ) ದಾಟಿ ಕೋಡಿಬಾಗದ ಒಂದು ಚಾ ಅಂಗಡಿಗೆ ಹೋಗಿ ಕೇಳುತ್ತಿದ್ದೆವು ಅಂದರು. ಆಗ ಕಾಳಿ ನದಿಗೆ ಸೇತುವೆ ಇರಲಿಲ್ಲ, ಆದ್ದರಿಂದ ತಾರಿಯ ಮಾತು ಕಾಲಕ್ಕೆ ಹೊಂದುತ್ತದೆ. ಕೊನೆಯ ತಾರಿ ತಪ್ಪಿದರೆ ಆ ರಾತ್ರಿ ಅಂಗಡಿಯಲ್ಲೇ ಚೀಲ ಹಾಸಿ ಮಲಗುವುದು. ಇಂಥ ಸಣ್ಣ ವಿವರ ಸಿಕ್ಕರೆ ನನಗೆ ಆ ನೆನಪಿನ ಮೇಲೆ ಭರವಸೆ ಬರುತ್ತದೆ. ದೊಡ್ಡ ಮಾತುಗಳನ್ನು ಜನ ಆಮೇಲೆ ಎಲ್ಲಾದರೂ ಕೇಳಿ, ಓದಿ ಸೇರಿಸಿಕೊಂಡಿರುತ್ತಾರೆ. ಕೊನೆಯ ತಾರಿ ತಪ್ಪಿದ್ದನ್ನು ಯಾರೂ ಓದಿ ಕಲಿಯುವುದಿಲ್ಲ.

ಜಾಗ ನೋಡದೆ ಬರೆಯಲು ನನಗೆ ಮನಸ್ಸಾಗಲಿಲ್ಲ. ಕದ್ರಾ, ಜೋಯಿಡಾ ದಾರಿಯಲ್ಲಿ ಕ್ಯಾಸಲ್‌ರಾಕ್‌ಗೆ ಹೋದೆ. ಘಟ್ಟದ ನೆತ್ತಿಯ ಮೇಲಿನ ಊರು. ಬ್ರಿಟಿಷರ ಕಾಲದಲ್ಲಿ ಗೋವಾ ಕಡೆ ಹೋಗುವ ರೈಲಿಗೆ ಈ ಕಡೆಯ ಕೊನೆಯ ನಿಲ್ದಾಣ ಇದೇ. ಇಲ್ಲಿಂದ ಹಳಿ ದೂಧಸಾಗರದ ಮಗ್ಗುಲಲ್ಲಿ ಇಳಿದು ಗೋವಾದ ಕುಳೆಂಗೆ ಹೋಗುತ್ತದೆ. ಅಲ್ಲಿ ನಿಂತ ಮೇಲೆ ಈ ಜಾಗವನ್ನೇ ಯಾಕೆ ಆರಿಸಿದರು ಅಂತ ಅರ್ಥವಾಯಿತು. ಗೋವಾ ಕಾಲ ಕೆಳಗೇ ಇದೆ. ಬಚ್ಚಿಟ್ಟುಕೊಳ್ಳಲು ಕಾಡಿದೆ, ಸಾಮಾನು ತರಲು ರೈಲಿದೆ. ಟ್ರಾನ್ಸ್‌ಮಿಟರ್ ಇದ್ದದ್ದು ಲಾರಿಯೊಳಗೆ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು ಪ್ರಸಾರ. ಉಳಿದ ಸಮಯವೆಲ್ಲ ಸುದ್ದಿ ಆರಿಸುವುದು, ಬರೆಯುವುದು. ಘಟ್ಟದ ಮಳೆಗಾಲ ಎಂಥದ್ದು ಅಂತ ನಮಗೆ ಗೊತ್ತು. ಉಂಬಳ, ಮಂಜು, ಹಾಸಿಗೆ ಬಟ್ಟೆ ವಾರಗಟ್ಟಲೆ ಒಣಗದ ತಂಡಿ. ಅಂಥ ಕಾಡುಗಳಲ್ಲಿ ಸುಮಾರು ಆರು ವರ್ಷ, ತಾವು ಎಲ್ಲಿದ್ದೇವೆ ಅಂತ ಯಾರಿಗೂ ಹೇಳದೆ. ಮುಂಬೈಯಲ್ಲಿ ಕಾನೂನು ಓದಿದ ಲಿಬಿಯಾ ಅವರಿಗೆ ಆಗ ಮೂವತ್ತರ ಆಸುಪಾಸು. ನನಗೆ ಅವರ ಮೇಲೆ ಇರುವ ಗೌರವ ಆ ಊರಿನ ಮಳೆ ನೋಡಿದ ಮೇಲೆ ಇನ್ನೂ ಹೆಚ್ಚಾಯಿತು.

ಅಲ್ಲಿ ಸದ್ದು ರೆಕಾರ್ಡ್ ಮಾಡಿಕೊಂಡೆ. ತಗಡಿನ ಮಾಡಿನ ಮೇಲಿನ ಮಳೆ, ಜೀರುಂಡೆ, ದೂರದ ಹಕ್ಕಿ. ರೈಲಿನ ಸದ್ದನ್ನೂ ಹಿಡಿದೆ, ಆದರೆ ರೂಪಕದಲ್ಲಿ ಬಳಸಲಿಲ್ಲ. ಆಗ ಆ ಹಳಿ ಮೀಟರ್ ಗೇಜ್, ಎಳೆಯುತ್ತಿದ್ದದ್ದು ಉಗಿ ಎಂಜಿನ್. ಈಗಿನ ಎಂಜಿನ್ನಿನ ಸದ್ದನ್ನು 1957ರ ಮಾತಿನ ಕೆಳಗೆ ಹಾಕಿದರೆ ಕೇಳುಗರಿಗೆ ಮೋಸ ಮಾಡಿದ ಹಾಗೆ. ಮಳೆ ಅವತ್ತಿನದೂ ಇವತ್ತಿನದೂ ಒಂದೇ, ಅದನ್ನು ಧೈರ್ಯವಾಗಿ ಹಾಕಬಹುದು.

ರೆಕಾರ್ಡಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೊಬೈಲಿಗೆ ಒಂದು ಕಾಲರ್ ಮೈಕ್ ಸಾಕು. ಫ್ಯಾನ್ ಆಫ್ ಮಾಡಿಸಿ. ಸಮುದ್ರದ ಗಾಳಿಗೆ ಮೈಕಿಗೆ ಸ್ಪಂಜಿನ ಟೊಪ್ಪಿ ಬೇಕೇ ಬೇಕು. ಹೂಂ ಹೂಂ ಅನ್ನುವ ಬದಲು ತಲೆ ಆಡಿಸಿ. ಅಜ್ಜಿ ಮಾತು ನಿಲ್ಲಿಸಿದ ಕೂಡಲೇ ಮುಂದಿನ ಪ್ರಶ್ನೆಗೆ ಹಾರಬೇಡಿ, ಸುಮ್ನೆ ಕೂತಿರಿ. ಮುಖ್ಯವಾದ ಮಾತು ಎಷ್ಟೋ ಸಲ ಆ ಮೌನದ ಆಚೆ ಇರುತ್ತದೆ.

ಬೈತಖೋಲ ಕಡೆ ಎಲ್ಲರ ಮಾತೂ ಕೊನೆಗೆ ಅಂಜುದೀವಕ್ಕೇ ಹೋಗುತ್ತಿತ್ತು. ದ್ವೀಪ ಕಾರವಾರದ ಕಣ್ಣೆದುರಿಗೇ ಇದೆ, ಆದರೆ ಆಗ ಪೋರ್ಚುಗೀಸರ ಕೈಯಲ್ಲಿತ್ತು. 1961ರ ನವೆಂಬರಿನಲ್ಲಿ ಅಲ್ಲಿಂದ ಸಾಬರಮತಿ ಅನ್ನುವ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿತು. ಮೀನುಗಾರರ ದೋಣಿಯ ಮೇಲೂ ಹಾರಿ ಒಬ್ಬರು ಸತ್ತರು. ಡಿಸೆಂಬರಿನಲ್ಲಿ ದ್ವೀಪ ಬಿಡಿಸಲು ಹೋದ ನಮ್ಮ ನೌಕಾಪಡೆಯ 7 ಜನ ಪ್ರಾಣ ಕೊಟ್ಟರು. ರೇಡಿಯೋ ಬಗ್ಗೆ ಕೇಳಲು ಹೋದ ನನಗೆ ಒಬ್ಬ ಅಜ್ಜಿ ಆ ತೋಪಿನ ಸದ್ದಿನ ಕತೆ ಹೇಳಿದರು. ಮಕ್ಕಳನ್ನೆಲ್ಲ ಒಳಗೆ ಕೂಡಿ ಹಾಕಿದ್ದರಂತೆ. ವಿಷಯ ಬಿಟ್ಟು ಹೋಯಿತು ಅಂತ ನಾನು ತಡೆಯಲಿಲ್ಲ. ಕಾಡಿನ ರೇಡಿಯೋ ಯಾಕೆ ಬೇಕಿತ್ತು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇರಲಿಲ್ಲ.

ರೂಪಕ ಈಗ ಸಿದ್ಧವಾಗಿ ಹೈಸ್ಕೂಲುಗಳಲ್ಲಿ, ಲೈಬ್ರರಿಗಳಲ್ಲಿ ಕೇಳಿಸುತ್ತೇವೆ. ಕೊಂಕಣಿ ಮಾತನ್ನು ಪೂರ್ತಿ ಕೇಳಿಸಿ, ಆಮೇಲೆ ಕನ್ನಡದಲ್ಲಿ ಹೇಳುತ್ತೇನೆ. ಮೇಲಿಂದ ಮೇಲೆ ಧ್ವನಿ ಹಾಕಿ ಹಿರಿಯರ ಸ್ವರ ಮುಚ್ಚುವುದು ನನಗೆ ಸರಿಕಾಣುವುದಿಲ್ಲ. ಮೊದಲ ಆವೃತ್ತಿ ಮುಗಿಯುತ್ತಿದ್ದದ್ದು 1961ರ ಡಿಸೆಂಬರಿಗೆ. ವಾಮನ ಮತ್ತು ಲಿಬಿಯಾ ವಾಯುಪಡೆಯ ವಿಮಾನದಲ್ಲಿ ಕೂತು, ಗೋವಾದ ಮೇಲೆ ಹಾರುತ್ತ, ಧ್ವನಿವರ್ಧಕದಲ್ಲಿ ಬಿಡುಗಡೆಯ ಸುದ್ದಿ ಸಾರಿದರಲ್ಲ, ಅಲ್ಲಿಗೆ. 2025ರಲ್ಲಿ, ನೂರನೇ ವಯಸ್ಸಿನಲ್ಲಿ, ಲಿಬಿಯಾ ಲೋಬೊ ಸರದೇಸಾಯಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಆ ಸುದ್ದಿಯನ್ನು ಸೇರಿಸಿ ಕೊನೆಯ ಭಾಗವನ್ನು ಹೊಸದಾಗಿ ಜೋಡಿಸಿದೆ.